ಸ್ವಯಂಚಾಲಿತ ಕಾರ್ಖಾನೆ: ‘ಡೆಡ್‌ಲಾಕ್’ ತಪ್ಪಿಸುವ ಬಗೆ

ಯಂತ್ರವೊಂದು ಕೆಲಸ ಮುಗಿಸಿದ ಬಿಡಿಭಾಗವನ್ನು ರೋಬೋಟ್ ತೆಗೆಯಬೇಕು. ಆದರೆ ಅದರ ಹಿಡಿತದಲ್ಲಿ ಆಗಲೇ ಮುಂದಿನ ಭಾಗವಿದೆ. ಯಂತ್ರ ತೆರವಾಗದೆ ಅದನ್ನು ಇಳಿಸುವಂತಿಲ್ಲ. ಯಾವುದೂ ಕೆಟ್ಟಿಲ್ಲ, ಆದರೂ ಉತ್ಪಾದನೆ ಸ್ತಬ್ಧ. ಇದೇ ಡೆಡ್‌ಲಾಕ್. ಕಾರ್ಮಿಕನಿದ್ದರೆ ಭಾಗವನ್ನು ಪಕ್ಕಕ್ಕಿಟ್ಟಾನು. ತಂತ್ರಾಂಶಕ್ಕೆ ಆ ಜಾಣ್ಮೆಯನ್ನು ಮೊದಲೇ ಕಲಿಸಬೇಕು.

ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ಅವರ 1962ರ ಪ್ರಬಂಧದಿಂದ ಬೆಳೆದ ‘ಪೆಟ್ರಿ ನೆಟ್’ ಮಾದರಿ ಇಲ್ಲಿ ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ವಿಶ್ವನಾಥಂ, ವೈ.ನರಹರಿ ಅವರು ಟಿ.ಎಲ್.ಜಾನ್ಸನ್ ಜತೆಗೂಡಿ 1990ರಲ್ಲಿ ಇದನ್ನು ಬಳಸಿ ಎರಡು ಮಾರ್ಗ ವಿವರಿಸಿದರು. ಚಿಕ್ಕ ವ್ಯವಸ್ಥೆಯಲ್ಲಿ ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ಪರಿಶೀಲಿಸಿ ವಿನ್ಯಾಸದಲ್ಲೇ ತಡೆಯಬಹುದು. ದೊಡ್ಡದರಲ್ಲಿ ಸ್ಥಿತಿಗಳು ಲೆಕ್ಕಕ್ಕೆ ಸಿಗವು. ಅಲ್ಲಿ ನಿಯಂತ್ರಕವು ಮುಂದಿನ ಕೆಲವು ಹೆಜ್ಜೆಗಳನ್ನಷ್ಟೇ ನೋಡಿ ಅನುಮತಿ ನೀಡುತ್ತದೆ. ಒಳಬರುವ ಭಾಗಗಳನ್ನೇ ಕಡಿಮೆ ಮಾಡುವುದು ಸುಲಭೋಪಾಯವೇನೋ ಹೌದು, ಆದರೆ ದುಬಾರಿ ಯಂತ್ರಗಳು ಖಾಲಿ ನಿಲ್ಲುತ್ತವೆ.