ದೀರ್ಘಕಾಲದ ಶಯ್ಯಾವಿಶ್ರಾಂತಿ ಮತ್ತು ಮಾನಸಿಕ ಆರೋಗ್ಯ

ಪೀಠಿಕೆ

ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು (ಲಕ್ವ), ಸೊಂಟದ ಮೂಳೆ ಮುರಿತ ಮೊದಲಾದ ಕಾರಣಗಳಿಂದ ತಿಂಗಳುಗಟ್ಟಲೆ ಹಾಸಿಗೆಯಲ್ಲಿರುವವರ ದೇಹದೊಂದಿಗೆ ಮನಸ್ಸೂ ಕುಗ್ಗಬಹುದು. ಇದು ರೋಗಿಯ ಹಠವಾಗಲಿ, ಸ್ವಭಾವದೋಷವಾಗಲಿ ಅಲ್ಲ. ಚಿಕಿತ್ಸೆಯಿಂದ ಸುಧಾರಿಸಬಹುದಾದ ಸ್ಥಿತಿಯಾಗಿದೆ. ಸಂಡೂರು ತಾಲ್ಲೂಕಿನ ಕುರೆಕುಪ್ಪ, ತೋರಣಗಲ್ಲು ಭಾಗದಲ್ಲಿ ಗಣಿ, ಉಕ್ಕು ಕಾರ್ಖಾನೆ ಹಾಗೂ ಲಾರಿ ಸಾಗಣೆಯನ್ನು ಅವಲಂಬಿಸಿದ ಕುಟುಂಬಗಳಲ್ಲಿ ದುಡಿಯುವವರೇ ಹಾಸಿಗೆ ಹಿಡಿದಾಗ ಆದಾಯದ ಚಿಂತೆಯೂ ಇದಕ್ಕೆ ಸೇರುತ್ತದೆ.

ಕಾರಣಗಳು

1. ಬಿಸಿಲು, ಚಲನೆಗಳಿಲ್ಲದೆ ಹಗಲು-ರಾತ್ರಿಯ ಲಯ ತಪ್ಪಿ ನಿದ್ರೆ ಕೆಡುವುದು.
2. ನಿರಂತರ ನೋವು.
3. ಮಲಮೂತ್ರ ವಿಸರ್ಜನೆಗೂ ಪರರನ್ನು ಅವಲಂಬಿಸುವ ಸಂಕೋಚ.
4. ಕೆಲಸ ಹಾಗೂ ಜನಸಂಪರ್ಕ ಕಡಿದುಹೋಗುವುದು.

ಮನಸ್ಸು ಕುಗ್ಗಿದವರು ಊಟ, ವ್ಯಾಯಾಮಗಳನ್ನು ನಿರಾಕರಿಸುತ್ತಾರೆ. ಇದರಿಂದ ಸ್ನಾಯುಗಳು ಮತ್ತಷ್ಟು ದುರ್ಬಲಗೊಂಡು, ಹಾಸಿಗೆ ಹುಣ್ಣುಗಳ ಅಪಾಯ ಹೆಚ್ಚಿ, ಚೇತರಿಕೆಯು ವಿಳಂಬವಾಗುತ್ತದೆ.

ಗಮನಿಸಬೇಕಾದ ಲಕ್ಷಣಗಳು

• ಎರಡು ವಾರಗಳಿಗೂ ಮೀರಿದ ಬೇಸರ, ನಿರಾಸಕ್ತಿ, ನಿದ್ರಾಹೀನತೆ ಕಂಡುಬಂದಲ್ಲಿ ವೈದ್ಯರ ಸಲಹೆ ಪಡೆಯತಕ್ಕದ್ದು.
• ವೃದ್ಧರಲ್ಲಿ ಹಠಾತ್ತನೆ ಗೊಂದಲ, ಗುರುತು ತಪ್ಪುವಿಕೆ ಕಂಡರೆ ಸೋಂಕು ಅಥವಾ ಲವಣಾಂಶದ ಏರುಪೇರು ಕಾರಣವಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.
• "ನಾನು ಹೊರೆಯಾದೆ", "ಬದುಕುವುದು ಬೇಡ" ಎಂಬ ಮಾತುಗಳನ್ನು ಕಡೆಗಣಿಸಬಾರದು. ಅಂತಹವರನ್ನು ಒಂಟಿಯಾಗಿ ಬಿಡದೆ ತಕ್ಷಣ ನೆರವು ಕೋರಬೇಕು.

ಕುಟುಂಬದವರು ಕೈಗೊಳ್ಳಬೇಕಾದ ಕ್ರಮಗಳು

ವೈದ್ಯರು ಅನುಮತಿಸಿದ ಕೂಡಲೇ ರೋಗಿಯನ್ನು ಎಬ್ಬಿಸಿ ಕೂರಿಸುವುದು, ಹಾಸಿಗೆಯನ್ನು ಬೆಳಕು ಬೀಳುವೆಡೆ ಹಾಕುವುದು, ಊಟ-ನಿದ್ರೆಗೆ ನಿಗದಿತ ವೇಳೆ ಪಾಲಿಸುವುದು, ಮನೆಯ ನಿರ್ಧಾರಗಳಲ್ಲಿ ಅವರ ಅಭಿಪ್ರಾಯ ಕೇಳುವುದು ಅವಶ್ಯಕ. ಆರೈಕೆ ಮಾಡುವವರಿಗೂ ವಿಶ್ರಾಂತಿ ಬೇಕಾಗುತ್ತದೆ.

ಬಳ್ಳಾರಿ ಮಾದರಿ

ಮಾನಸಿಕ ಚಿಕಿತ್ಸೆಗೆ ದೂರದ ನಗರಕ್ಕೇ ಹೋಗಬೇಕೆಂಬ ಭಾವನೆ ಸರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಹಾಗೂ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ ಸ್ಥಳೀಯವಾಗಿಯೇ ಚಿಕಿತ್ಸೆ ಒದಗಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡಿತು. ಈ ಮಾದರಿಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಸರ್ಕಾರಿ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ನೀಡಿದೆ.

ಸೇವೆ ಪಡೆಯುವ ವಿಧಾನ

1. ರೋಗಿಯು ಬರಲಾಗದಿದ್ದಲ್ಲಿ ಕುಟುಂಬದವರು ಆಶಾ ಕಾರ್ಯಕರ್ತೆಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಾಹಿತಿ ನೀಡುವುದು.
2. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.
3. ತಾತ್ಕಾಲಿಕ ವಿಶ್ರಾಂತಿಯು ಅಂಗವೈಕಲ್ಯವೆಂದು ಪರಿಗಣಿತವಾಗುವುದಿಲ್ಲ. ನ್ಯೂನತೆಯು ದೀರ್ಘಾವಧಿಯದಾಗಿದ್ದಲ್ಲಿ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗಾಗಿ (ಯುಡಿಐಡಿ) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಗುರುತು, ವಿಳಾಸದ ದಾಖಲೆ ಹಾಗೂ ಭಾವಚಿತ್ರ ಅಗತ್ಯ. ನ್ಯೂನತೆಯ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ.