ಭಾಸ್ಕರಾಚಾರ್ಯರ ಅಷ್ಟಾದಶಾಂಶಜ್ಯೆ

ಭಾಸ್ಕರಾಚಾರ್ಯರ ಜನ್ಮಸ್ಥಳವು ವಿಜಾಪುರವೋ ಪಾಟಣವೋ ಎಂಬ ವಾದವು ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದಕ್ಕೆ ವ್ಯಯವಾದ ಶ್ರಮದಲ್ಲಿ ಹತ್ತರಲ್ಲೊಂದು ಪಾಲಾದರೂ ಅವರ ಜ್ಯೋತ್ಪತ್ತಿ ಪ್ರಕರಣಕ್ಕೆ ಸಂದಿದ್ದರೆ ಚೆನ್ನಾಗಿತ್ತು. ಅದರೊಳಗಿನ ಒಂದು ವಿಧಿಯನ್ನು ಮಾತ್ರ ಇಲ್ಲಿ ವಿಚಾರಿಸುವೆವು.

ಕ್ರಿ. ಶ. ೧೧೫೦ರಲ್ಲಿ, ತಮ್ಮ ೩೬ನೆಯ ವಯಸ್ಸಿನಲ್ಲಿ, ಆಚಾರ್ಯರು ರಚಿಸಿದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಜ್ಯೋತ್ಪತ್ತಿಯು ಸೇರಿದೆ. ೧೮ ಅಂಶದ ಜ್ಯೆಗೆ ಅಲ್ಲಿರುವ ವಿಧಿ ಇಷ್ಟೇ: ತ್ರಿಜ್ಯೆಯ ವರ್ಗವನ್ನು ಐದರಿಂದ ಗುಣಿಸಿ ಮೂಲವನ್ನು ತೆಗೆದು, ಅದರಲ್ಲಿ ತ್ರಿಜ್ಯೆಯನ್ನು ಕಳೆದು, ಉಳಿದುದನ್ನು ನಾಲ್ಕರಿಂದ ಭಾಗಿಸುವುದು. ತ್ರಿಜ್ಯೆಯು ೩೪೩೮ ಕಲೆಯಾದರೆ ಜ್ಯೆಯು ಸುಮಾರು ೧೦೬೨ ಕಲೆ. ಪಾಠಶಾಲೆಯಲ್ಲಿ ನಾವು ಇದನ್ನು ಕಂಠಪಾಠ ಮಾಡಿದೆವು. ಐದು ಎಲ್ಲಿಂದ ಬಂದಿತೆಂದು ಗುರುಗಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗಿನ ಗಣಿತೋಪಾಧ್ಯಾಯರು ಉಪಪತ್ತಿಯನ್ನು ಹೀಗೆ ತೋರಿಸುವರು. ೧೮ರ ಇಮ್ಮಡಿ ೩೬, ಮೂರ್ಮಡಿ ೫೪. ಇವೆರಡೂ ಕೂಡಿ ೯೦. ಆದುದರಿಂದ ಇಮ್ಮಡಿ ಚಾಪದ ಜ್ಯೆಯೂ ಮೂರ್ಮಡಿ ಚಾಪದ ಕೋಟಿಜ್ಯೆಯೂ ಸಮ. ತ್ರಿಜ್ಯೆಯನ್ನು ಒಂದೆಂದು ಭಾವಿಸಿದರೆ, ಜ್ಯಾಕೋಟಿಜ್ಯೆಗಳ ಗುಣಲಬ್ಧದ ಇಮ್ಮಡಿಯು, ಕೋಟಿಜ್ಯಾಘನದ ನಾಲ್ಮಡಿಯಲ್ಲಿ ಕೋಟಿಜ್ಯೆಯ ಮೂರ್ಮಡಿಯನ್ನು ಕಳೆದುದಕ್ಕೆ ಸಮವಾಗುವುದು. ಎಲ್ಲವನ್ನೂ ಒಂದೇ ಪಕ್ಷಕ್ಕೆ ತಂದರೆ ಎರಡು ಅಪವರ್ತನಗಳು ದೊರೆಯುವುವು: ಒಂದು ಕೋಟಿಜ್ಯೆ, ಇನ್ನೊಂದು, ಜ್ಯಾವರ್ಗದ ನಾಲ್ಮಡಿಗೆ ಜ್ಯೆಯ ಇಮ್ಮಡಿಯನ್ನು ಸೇರಿಸಿ ಒಂದನ್ನು ಕಳೆದುದು. ಇವುಗಳ ಗುಣಲಬ್ಧವು ಶೂನ್ಯ. ಇಲ್ಲಿ ಆತುರಗಾರನಾದ ವಿದ್ಯಾರ್ಥಿಯು ಕೋಟಿಜ್ಯೆಯಿಂದ ಎರಡು ಪಕ್ಷಗಳನ್ನೂ ಭಾಗಿಸಿಬಿಡುವನು. ೯೦ ಅಂಶವೆಂಬ ಉತ್ತರವು ಅವನಿಗೆ ಕೈತಪ್ಪುವುದು. ಶೂನ್ಯದಿಂದ ಭಾಗಿಸಿದುದಕ್ಕೆ ಖಹರವೆಂದು ಬೇರೆಯೇ ಹೆಸರಿಟ್ಟ ಆಚಾರ್ಯರು ಅದನ್ನು ಮೆಚ್ಚುತ್ತಿರಲಿಲ್ಲ. ಎರಡನೆಯ ಅಪವರ್ತನಕ್ಕೆ ಮಧ್ಯಮಾಹರಣವನ್ನು ಮಾಡಿದರೆ ಐದರ ಮೂಲವು ಕಾಣಿಸಿಕೊಳ್ಳುವುದು. ಅದರ ಋಣಮೂಲವು ೫೪ ಅಂಶದ ಜ್ಯೆಯನ್ನು ಋಣವಾಗಿ ಕೊಡುವುದರಿಂದ ಇಲ್ಲಿಗೆ ಸಲ್ಲದು. ಬೀಜಗಣಿತದಲ್ಲಿಯೂ ಕಪಿಗಳ ಲೆಕ್ಕಕ್ಕೆ ೫೦, ೫ ಎಂಬ ಎರಡು ಉತ್ತರಗಳು ಬಂದಾಗ, ಐದರ ಪಂಚಮಾಂಶದಲ್ಲಿ ಮೂರನ್ನು ಕಳೆದರೆ ಋಣವಾಗುವುದೆಂದು ಆಚಾರ್ಯರು ಎರಡನೆಯದನ್ನು ಬಿಟ್ಟರು.

ಹಾಗಾದರೆ ಆಚಾರ್ಯರ ಮಾರ್ಗವೂ ಇದೇ ಎನ್ನಬಹುದೇ? ಕೂಡದು. ಬೇಕಾದ ಸಾಧನಗಳು ಅವರಲ್ಲಿದ್ದುದು ನಿಜ. ಚಾಪಗಳ ಯೋಗಕ್ಕೆ ಸಮಾಸಭಾವನೆಯು ಅದೇ ಪ್ರಕರಣದಲ್ಲಿಯೇ ಇದೆ. ಆದರೆ ಸಾಧನವಿದ್ದ ಮಾತ್ರಕ್ಕೆ ಅದನ್ನು ಬಳಸಿದರೆಂದು ಸಿದ್ಧವಾಗದು. ವೃತ್ತಾಂತರ್ಗತ ದಶಭುಜದ ಭುಜದಿಂದಲೂ ಇದೇ ಜ್ಯೆಯು ಬರುತ್ತದೆ. ಎರಡನೆಯ ಶತಮಾನದಲ್ಲಿ ಯವನ ಜ್ಯೋತಿಷಿ ಟಾಲೆಮಿಯು ಹಿಡಿದುದು ಆ ಕ್ಷೇತ್ರಮಾರ್ಗವನ್ನೇ. ಮೂಲಶ್ಲೋಕವು ಎರಡಕ್ಕೂ ಸಾಕ್ಷಿಯಲ್ಲ. ನಮ್ಮ ಪೂರ್ವಿಕರಿಗೆ ಇಂದಿನ ಬೀಜಕ್ರಿಯೆಯೆಲ್ಲ ಕರಗತವಾಗಿತ್ತೆಂದು ಬರೆಯುವವರಿಂದ ಆಚಾರ್ಯರ ಕೀರ್ತಿಯೇನೂ ಹೆಚ್ಚದು.

ಗ್ರಂಥದೊಳಗಣ ಒಂದು ಸಾಕ್ಷ್ಯವನ್ನು ಮಾತ್ರ ಇಲ್ಲಿ ಸೂಚಿಸಬಹುದು. ೩೬ ಅಂಶದ ಜ್ಯೆಗೆ ಮೂಲಸಹಿತವಾದ ಸೂಕ್ಷ್ಮವಿಧಿಯೊಡನೆ, ತ್ರಿಜ್ಯೆಯನ್ನು ೫೮೭೮ರಿಂದ ಗುಣಿಸಿ ೧೦೦೦೦ದಿಂದ ಭಾಗಿಸುವ ಸ್ಥೂಲವಿಧಿಯನ್ನೂ ಜ್ಯೋತ್ಪತ್ತಿಯಲ್ಲಿ ಹೇಳಿದೆ. ಲೀಲಾವತಿಯಲ್ಲಿ ೧೨೦೦೦೦ ವ್ಯಾಸದ ವೃತ್ತದೊಳಗಣ ಪಂಚಭುಜದ ಭುಜಕ್ಕೆ ೭೦೫೩೪ ಎಂದಿದೆ. ಸ್ಥೂಲವಿಧಿಯಿಂದ ಹೊರಟರೆ ೭೦೫೩೬ ಬರಬೇಕು. ಸೂಕ್ಷ್ಮವಿಧಿಯಿಂದ ಹೊರಟರೆ ೭೦೫೩೪ ಸರಿಯಾಗಿ ಬರುವುದು. ಲೀಲಾವತಿಯ ಅಂಕವು ೫೮೭೮ರಿಂದ ಹುಟ್ಟಿದುದಲ್ಲವೆಂಬಷ್ಟು ಇದರಿಂದ ನಿಶ್ಚಿತವಾಗುತ್ತದೆ.