ಕ್ಷಯರೋಗದ ಮರುಕಳಿಕೆ: ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಕ್ಷಯರೋಗ ಚಿಕಿತ್ಸೆಯ ಚರಿತ್ರೆಯಲ್ಲಿ, ಗುಣವಾದ ರೋಗ ಮರುಕಳಿಸದೆ ಉಳಿಯಿತೇ ಎಂಬ ಪ್ರಶ್ನೆ ನಿರ್ಣಾಯಕವಾದುದು. 1950ರ ದಶಕದವರೆಗೆ ವಿಶ್ರಾಂತಿ, ಪೌಷ್ಟಿಕ ಆಹಾರ, ಶುದ್ಧ ಗಾಳಿಗಳನ್ನು ಒದಗಿಸುವ ಸ್ಯಾನಿಟೋರಿಯಂ ವಾಸವೇ ಅದಕ್ಕೆ ಉತ್ತರವೆಂದು ನಂಬಲಾಗಿತ್ತು. ಹೊಸಪೇಟೆ, ಹಂಪಿ, ಕಂಪ್ಲಿಗಳ ಕೃಷಿಕೂಲಿಗಾಗಲಿ ಸಂಡೂರಿನ ಗಣಿಕಾರ್ಮಿಕನಿಗಾಗಲಿ ತಿಂಗಳುಗಟ್ಟಲೆ ದುಡಿಮೆ ತೊರೆದು ಅಲ್ಲಿರುವುದು ಸುಲಭಸಾಧ್ಯವಾಗಿರಲಿಲ್ಲ.

ಈ ಊರುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವ ಮುನ್ನ ಮದರಾಸು ಆಡಳಿತದಲ್ಲಿದ್ದವು. ಮೇಲಿನ ನಂಬಿಕೆಯನ್ನು ಪರೀಕ್ಷೆಗೊಡ್ಡಿದ್ದೂ ಅದೇ ಮದರಾಸಿನಲ್ಲಿ 1956ರಲ್ಲಿ ಆರಂಭಗೊಂಡ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರ. ಅದು 193 ರೋಗಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಒಂದು ಗುಂಪಿಗೆ ಮನೆಯಲ್ಲಿಯೂ ಮತ್ತೊಂದಕ್ಕೆ ಸ್ಯಾನಿಟೋರಿಯಂನಲ್ಲಿಯೂ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಔಷಧಗಳನ್ನು ಒಂದು ವರ್ಷ ನೀಡಿತು. ಮನೆಯಲ್ಲಿದ್ದವರಿಗೆ ದೊರೆತ ಆಹಾರ, ವಿಶ್ರಾಂತಿಗಳೆರಡೂ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಐದು ವರ್ಷಗಳ ಅವಲೋಕನದಲ್ಲಿಯೂ ಮನೆಯ ಗುಂಪಿನಲ್ಲಿ ಮರುಕಳಿಕೆ ಹೆಚ್ಚಾಗಿ ಕಂಡುಬರಲಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳು ಮತ್ತು 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ ಮನೆಯ ಚಿಕಿತ್ಸೆಯನ್ನೇ ಆಧಾರವಾಗಿ ಸ್ವೀಕರಿಸಿದವು. ಮುಂದೆ ರಿಫಾಂಪಿಸಿನ್, ಪೈರಾಜಿನಮೈಡ್‌ಗಳ ಬಳಕೆಯಿಂದ ಚಿಕಿತ್ಸಾವಧಿ ಆರು ತಿಂಗಳಿಗೆ ಇಳಿಯಿತು; 2017ರಲ್ಲಿ ಭಾರತವು ದಿನನಿತ್ಯದ ಔಷಧಕ್ರಮಕ್ಕೆ ಮರಳಿತು.

ಔಷಧಕ್ರಮವು ನಡುವೆ ಕಡಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಮದರಾಸಿನ ಸಂಶೋಧನೆಯು ದುಡಿಮೆಗಾಗಿ ಊರೂರು ಅಲೆಯುವ ರೋಗಿಗೆ ಸ್ಯಾನಿಟೋರಿಯಂನ ಹಂಗನ್ನು ತಪ್ಪಿಸಿತಾದರೂ, ಅವನಿದ್ದಲ್ಲಿಗೆ ಔಷಧವನ್ನು ಎಡೆಬಿಡದೆ ತಲುಪಿಸುವ ಹೊಣೆಯನ್ನು ವ್ಯವಸ್ಥೆಯ ಮೇಲೆ ಹೊರಿಸಿತು.